ಇಂಚು ಅಳಿಸಿದ ಸ್ಕೇಲು

ಹೋದ ವಾರ ಒಂದು ಒಳ್ಳೆ ಕಿತಾಪತಿಗೆ ತಯಾರಿ ಮಾಡ್ತಿದ್ದೆ. ಪಾರ್ಕಲ್ಲಿ ನಮ್ಮ ಬೆಂಚಿಗೆ ಬರೋ ರಿಟೈರ್ಡ್ ಎಂಜಿನಿಯರ್ ಒಬ್ರಿದಾರೆ, ಬಿಸಿಲಿರಲಿ ಮೋಡ ಇರಲಿ ಕೈಯಲ್ಲಿ ಕೊಡೆ. ಆ ಕೊಡೆ ಒಳಗೆ ಬಣ್ಣದ ಕಾಗದದ ಚೂರು ತುಂಬಿಟ್ರೆ, ಬಿಚ್ಚಿದ ತಕ್ಷಣ ತಲೆ ಮೇಲೆ ಅಕ್ಷತೆ ಬಿದ್ದಂಗೆ ಬೀಳುತ್ತೆ. ಎಪ್ಪತ್ತಾರಕ್ಕೆ ಇಷ್ಟಾದ್ರೂ ಮಾಡ್ದಿದ್ರೆ ಬಸವನಗುಡೀಲಿ ನನ್ನ ಹೆಸರಿಗೇನು ಬೆಲೆ? ಕಾಗದ ಹರಿಯಕ್ಕೆ ಸ್ಕೇಲು ಬೇಕಿತ್ತು. ಹಳೇ ಟೇಬಲ್ಲಿನ ಕೆಳಗಿನ ಡ್ರಾಯರ್ ಎಳೆದೆ. ಅರ್ಧಕ್ಕೆ ಸಿಕ್ಕಾಕೊಂಡ್ತು. ಕೈ ಹಾಕಿ ತಡಕಾಡಿದಾಗ ತಣ್ಣಗೆ ಏನೋ ತಾಗ್ತು.

ಸ್ಟೀಲ್ ಸ್ಕೇಲು. ಮೂವತ್ತು ಸೆಂಟಿಮೀಟರಿಂದು. ಒಂದು ಕಡೆ ಗೆರೆಗಳೆಲ್ಲ ಸರಿಯಾಗೇ ಇವೆ, ಒಂದೊಂದು ಮಿಲಿಮೀಟರೂ ಎಣಿಸಬಹುದು. ಇನ್ನೊಂದು ಕಡೆ, ಇಂಚು ಇರಬೇಕಾದ ಕಡೆ, ಏನೂ ಇಲ್ಲ. ಅರದಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿರೋದು. ಹೆಬ್ಬೆರಳಿಟ್ರೆ ಜಾರುತ್ತೆ.

ಕೊಡೆ ಮರ್ತೋಯ್ತು. ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ. ನನ್ನ ಹೆಂಡ್ತಿ ಅಡುಗೆಮನೆಯಿಂದ ಇಣುಕಿ "ಏನ್ರೀ, ಬಿದ್ರಾ?" ಅಂದ್ಲು. "ಇಲ್ಲ, ಕೂತೆ" ಅಂದೆ. ನಂಬ್ಲಿಲ್ಲ. ನನ್ನ ಮಾತು ಯಾರೂ ಒಂದೇ ಸಲಕ್ಕೆ ನಂಬಲ್ಲ... ಈ ಸ್ಕೇಲಿನ ಕಥೇನೂ ಅದೇ.

ಇದು ಅಕ್ಕಾವ್ರ ಸ್ಕೇಲು. ಚಾಮರಾಜಪೇಟೇಲಿ ಊದುಬತ್ತಿಗೆ ರಟ್ಟಿನ ಪೆಟ್ಟಿಗೆ ಮಾಡ್ತಿದ್ರು. ಅವರ ಹೆಸರು ಬೋರ್ಡಿನ ಮೇಲಿತ್ತು, ಆದ್ರೆ ಆ ಹೆಸರಲ್ಲಿ ಕರೆದೋರನ್ನ ನಾನು ಕಾಣೆ. ಪೆಟ್ಟಿಗೆ ಕೆಲಸದೋರಿಗೆಲ್ಲ ಅವರು ಅಕ್ಕಾವ್ರೇ. ನನಗಿಂತ ಎಂಟು ಹತ್ತು ವರ್ಷ ದೊಡ್ಡೋರು. ಹಣೆ ತುಂಬ ವಿಭೂತಿ, ಕಿವಿ ಮೇಲೊಂದು ಪೆನ್ಸಿಲು, ಸೊಂಟದಲ್ಲಿ ಸೆರಗಿನ ಜೊತೆ ಸಿಕ್ಕಿಸಿದ ಈ ಸ್ಕೇಲು. ಕತ್ತಿ ಸಿಕ್ಕಿಸ್ಕೊಂಡಂಗೆ. ನನ್ನ ಕೈಲಿ ಏಮಾರದೇ ಇದ್ದೋರು ಈ ಊರಲ್ಲಿ ಇಬ್ರೇ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಒಬ್ಳು ನನ್ನ ಹೆಂಡ್ತಿ, ಇನ್ನೊಬ್ರು ಅಕ್ಕಾವ್ರು. ಸುಳ್ಳು. ಅಕ್ಕಾವ್ರು ಒಂದೇ ಒಂದ್ಸಲ ಏಮಾರಿದ್ರು. ಅದಕ್ಕೇ ಈ ಸ್ಕೇಲು ನನ್ನ ಡ್ರಾಯರಲ್ಲಿದೆ.

ಇಪ್ಪತ್ತೆರಡು ವರ್ಷ ಆಯ್ತು ಅಂತಿಟ್ಕೊಳ್ಳಿ. ಗಾಂಧಿಬಜಾರಿನ ಹಿಂದಿನ ರಸ್ತೇಲಿ, ಹಿಟ್ಟಿನ ಗಿರಣಿ ಮೇಲೆ, ಒಂದು ರೂಮಲ್ಲಿ ನನ್ನ ಸಾಫ್ಟ್‌ವೇರ್ ಕಂಪನಿ. ಕಂಪನಿ ಅಂದ್ರೆ ನಾನು, ಇಬ್ರು ಹುಡುಗೀರು, ಮೂರು ಕಂಪ್ಯೂಟರು, ಎಲ್ಲದರ ಮೇಲೂ ರಾಗಿ ಹಿಟ್ಟು. ಕೀಬೋರ್ಡ್ ತಲೆಕೆಳಗೆ ಮಾಡಿದ್ರೆ ಒಂದು ಮುದ್ದೆಗಾಗೋಷ್ಟು ಉದುರೋದು. ನಗಬೇಡಿ, ಆ ರೂಮಲ್ಲಿ ಕೂತು ನಾನು ಮಾಡಿದ ಸಾಫ್ಟ್‌ವೇರ್ ಅಂಥದ್ದು ಆಗ ಈ ಊರಲ್ಲಿ ಇನ್ನೊಬ್ರ ಹತ್ರ ಇರ್ಲಿಲ್ಲ. ಪೆಟ್ಟಿಗೆ ಉದ್ದ, ಅಗಲ, ಎತ್ತರ ಹೇಳಿದ್ರೆ ಸಾಕು. ಆ ಪೆಟ್ಟಿಗೇನ ಬಿಚ್ಚಿ ಹರಡಿದ್ರೆ ಹೆಂಗಿರುತ್ತೋ ಆ ನಕ್ಷೆ, ಎಲ್ಲಿ ಕತ್ತರಿಸ್ಬೇಕು, ಎಲ್ಲಿ ಮಡಿಸ್ಬೇಕು, ಎಲ್ಲ ಗೆರೆ ಹಾಕಿ, ನಿಜವಾದ ಸೈಜಲ್ಲೇ ದೊಡ್ಡ ಕಾಗದದ ಮೇಲೆ ಬರೆದುಕೊಡೋದು. ಆ ಕಾಗದಾನ ಪ್ಲೈವುಡ್ ಮೇಲೆ ಅಂಟಿಸಿ, ಗೆರೆ ಪ್ರಕಾರ ಬ್ಲೇಡ್ ಕೂರಿಸಿದ್ರೆ ಅದೇ ಡೈ. ಡೈನ ಮೆಷಿನ್ನಿಗೆ ಹಾಕಿ ಪಂಚ್ ಹೊಡೆದ್ರೆ ಪ್ರಿಂಟಾದ ರಟ್ಟು ಪೆಟ್ಟಿಗೆ ಆಕಾರಕ್ಕೆ ಕಟ್ಟಾಗಿ ಬರುತ್ತೆ.

ಒಂದೇ ತೊಂದರೆ. ನನ್ನ ಸಾಫ್ಟ್‌ವೇರಲ್ಲಿ ಎಲ್ಲ ಇಂಚು. ಮೊದಲನೇ ಗಿರಾಕಿ ಪರದೇಶದೋರು, ಇಂಚಲ್ಲೇ ಕೇಳಿದ್ರು, ಇಂಚಲ್ಲೇ ಮಾಡ್ದೆ. ಆಮೇಲೆ ಬದಲಾಯಿಸಕ್ಕೆ ಸೋಮಾರಿತನ, ಅದರ ಮೇಲೆ ಸ್ವಲ್ಪ ಜಂಭ. ಇಂಥ ಸಾಫ್ಟ್‌ವೇರ್ ಕೊಟ್ಟಿದೀನಿ, ಅಳತೆ ನೀವೇ ಬದಲಾಯಿಸ್ಕೊಳ್ಳಿ ಅನ್ನೋ ಧಾಟಿ.

ಅಕ್ಕಾವ್ರ ವರ್ಕ್‌ಶಾಪಲ್ಲಿ ಡೆಮೋ ತೋರಿಸಿದ ದಿನ ಚೆನ್ನಾಗಿ ನೆನಪಿದೆ. ಇಪ್ಪತ್ತೆರಡು ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಪೆಟ್ಟಿಗೆ ಮಡಿಸ್ತಿದ್ರು. ಎಲ್ಲ ಬಿನ್ನಿಪೇಟೆ ಕಡೆಯೋರು. ಮಿಲ್ಲು ಮುಚ್ಚಿ ಗಂಡಂದಿರು ಮನೇಲಿ ಕೂತ ಮೇಲೆ ಒಬ್ಬೊಬ್ರಾಗಿ ಅಕ್ಕಾವ್ರ ಹತ್ರ ಬಂದು ಸೇರ್ಕೊಂಡೋರು. ಮಸಾಲೆ ಬತ್ತಿ ಘಮ, ಮೈದಾ ಗೋಂದಿನ ಹುಳಿ ವಾಸನೆ, ಎರಡೂ ಸೇರಿ ಮೂಗಿಗೆ ಏರೋದು. ನಾನು ಕಂಪ್ಯೂಟರ್ ಮುಂದೆ ಜಾದೂಗಾರನ ಥರ ಕೈ ಆಡಿಸಿ ಪೆಟ್ಟಿಗೆ ತೋರಿಸ್ದೆ. ಅಕ್ಕಾವ್ರು ಸ್ಕ್ರೀನ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು.

"ಇದರಲ್ಲಿ ಎಂಎಂ ಎಲ್ಲಿ?"

"ಇಂಚಲ್ಲಿ ಕೊಡಿ ಅಕ್ಕಾವ್ರೇ, ಎಲ್ಲ ಒಂದೇ ಲೆಕ್ಕ."

"ಒಂದೇ ಆದ್ರೆ ನೀವೇ ಎಂಎಂ ಹಾಕಿ. ಪಾರ್ಟಿ ಕೇಳೋದು ಎಂಎಂ, ಡೈಗೆ ಬೇಕಾಗಿರೋದು ಎಂಎಂ, ಮಧ್ಯದಲ್ಲಿ ನೀವೊಬ್ರು ಇಂಚು ಹಿಡ್ಕೊಂಡು ಯಾಕೆ ನಿಂತಿದೀರ?"

ಹೆಂಗಸರೆಲ್ಲ ಕಿಸಕ್ ಅಂದ್ರು. ನಾನೂ ನಕ್ಕೆ. ಆಮೇಲೆ ಸ್ಕೇಲು ತೋರಿಸಿದ್ರು. ಯಾವಾಗಲೋ ಒಂದ್ಸಲ ಒಬ್ಳು ಸ್ಕೇಲಿನ ತಪ್ಪು ಕಡೆಯಿಂದ ಅಳೆದು ಒಂದಿಡೀ ಲೋಡು ಹಾಳಾಗಿತ್ತಂತೆ. ಅಕ್ಕಾವ್ರು ಅವಳಿಗೆ ಒಂದು ಮಾತೂ ಬೈಲಿಲ್ಲ. ಒಂದು ಭಾನುವಾರ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತು, ವರ್ಕ್‌ಶಾಪಲ್ಲಿದ್ದ ಅಷ್ಟೂ ಸ್ಕೇಲಿನ ಇಂಚು ಕಡೇನ ಅರ ಹಾಕಿ ಉಜ್ಜಿಬಿಟ್ರಂತೆ. ಹೆಂಗಸರ ಹತ್ರ ಇದ್ದ ಹದಿನೈದು ಸೆಂಟಿಮೀಟರಿನ ಸಣ್ಣ ಸ್ಕೇಲುಗಳನ್ನೂ ಬಿಡ್ಲಿಲ್ಲ. "ಇಂಚೇ ಇಲ್ದಿದ್ರೆ ಯಾರು ತಪ್ಪು ಮಾಡ್ತಾರೆ?" ಅಂದ್ರು. ನಾನು ಅದನ್ನ ಅಡಿ ಸ್ಕೇಲು ಅಂದೆ. "ಅಡಿ ಅಲ್ಲ, ಮೂವತ್ತು ಸೆಂಟಿಮೀಟರ್" ಅಂತ ತಿದ್ದಿದ್ರು.

ಆಮೇಲೆ ಎಷ್ಟೋ ತಿಂಗಳು ಹೀಗೇ ನಡೀತು. ಅವರು ಕೇಳೋದು, ನಾನು "ಮುಂದಿನ ವರ್ಷನ್ನಲ್ಲಿ ಬರುತ್ತೆ" ಅನ್ನೋದು. ಒಂದ್ಸಲ ಚೆನ್ನಾಗಿ ಪ್ಯಾಕ್ ಮಾಡಿ, ಮೇಲೆ 'ಎಂಎಂ ಅಪ್‌ಗ್ರೇಡ್' ಅಂತ ಬರೆದು ಪಾರ್ಸಲ್ ಕಳಿಸ್ದೆ. ಒಳಗೆ ಟೈಲರ್ ಟೇಪು. ಅಕ್ಕಾವ್ರು ಅದನ್ನ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಜೊತೆ ಕಟ್ಟಿಬಿಟ್ರು, ನನ್ನ ದೃಷ್ಟಿ ತಾಗದಿರಲಿ ಅಂತ! ನಾನು ಬಿಡ್ತೀನಾ? ಅವರ ದನಿ ಅನುಕರಣೆ ಮಾಡಿ, ಅವರ ರಟ್ಟು ಕಟ್ ಮಾಡ್ಕೊಡ್ತಿದ್ದ ಬಿನ್ನಿಪೇಟೆಯ ಪಂಚಿಂಗ್ ಮೆಷಿನ್ನಿನೋನಿಗೆ ಫೋನ್ ಮಾಡ್ದೆ. "ಕರೆಂಟ್ ಹೋಗುತ್ತಂತೆ ಕಣಪ್ಪ, ಮೆಷಿನ್ ನಿಲ್ಸಿ ಕೂತ್ಕೋ." ಅವನು ಅರ್ಧ ದಿನ ಸುಮ್ನೆ ಕೂತಿದ್ದ. ಈ ಫೋನು ಮರೀಬೇಡಿ, ಮುಂದೆ ಬರುತ್ತೆ.

ಅಕ್ಕಾವ್ರು ಕೊನೆಗೆ ಬುದ್ಧಿ ಉಪಯೋಗಿಸಿದ್ರು. ಒಂದು ಬೆಳಗ್ಗೆ ಆಫೀಸಿಗೆ ಬರ್ತೀನಿ, ಮೆಟ್ಟಿಲ ಮೇಲೆಲ್ಲ ಜನ. ಚಾಮರಾಜಪೇಟೆ, ಬಿನ್ನಿಪೇಟೆಯ ಪೆಟ್ಟಿಗೆ ಮಾಡೋರು, ಹನ್ನೊಂದು ಮಂದಿ. ಅರ್ಧ ಜನ ನನ್ನ ಗಿರಾಕಿಗಳು, ಇನ್ನರ್ಧ ಆಗೋರಿದ್ರು. ಮೇಲಿನ ಮೆಟ್ಟಿಲಲ್ಲಿ ಅಕ್ಕಾವ್ರು.

"ಎಂಎಂ ಬರೋತನಕ ಇವರಲ್ಲಿ ಒಬ್ರೂ ನಿಮ್ಮ ಸಾಫ್ಟ್‌ವೇರ್ ತಗೊಳಲ್ಲ. ಇರೋರೂ ಮುಂದುವರಿಸಲ್ಲ. ಮುಂಬೈಯೋನೊಬ್ಬ ಎಂಎಂ ಇರೋ ಸಾಫ್ಟ್‌ವೇರ್ ತೋರಿಸಿ ಹೋಗಿದಾನೆ."

"ಅಕ್ಕಾವ್ರೇ, ಇದು ಬ್ಲ್ಯಾಕ್‌ಮೇಲು."

"ಹೂಂ ರೀ. ಎಷ್ಟು ದಿನ ಬೇಕು?"

ಬೇರೆ ಯಾರಾದ್ರೂ ಒಂದು ತಿಂಗಳು ಅಂತಿದ್ರು. ಹನ್ನೊಂದು ಜನರ ಮುಂದೆ ನಾನು ಹಂಗಂತೀನಾ? "ಮೂರು ದಿನ" ಅಂದೆ. ಕೆಳಗೆ ಗಿರಣಿಯೋನು ಕೂಡ ಮೆಷಿನ್ ನಿಲ್ಸಿ ನೋಡ್ತಿದ್ದ.

ಎರಡು ದಿನ ಸುಮ್ನೆ ಕಳೆದೆ. ಮೂರನೇ ದಿನ ಮಧ್ಯಾಹ್ನ ಹುಡುಗೀರನ್ನ ಊಟಕ್ಕೆ ಕಳಿಸಿ, ನಾನೇ ಕೂತೆ. ಎಂಎಂ ಅಂತ ಒಂದು ಬಟನ್ ಇಟ್ಟೆ. ಅದನ್ನ ಒತ್ತಿದ್ರೆ, ಬರೆದ ಅಂಕೀನ ಇಂಚಿಗೆ ತಿರುಗಿಸಿ ಒಳಗೆ ಕಳಿಸ್ಬೇಕು, ಅಷ್ಟೇ. ಒಂದು ಇಂಚಿಗೆ ಎಷ್ಟು ಎಂಎಂ? ನಮ್ಮ ಊರಲ್ಲಿ ಯಾವ ಬಡಗೀನಾದ್ರೂ ಕೇಳಿ, ಯಾವ ಹಾರ್ಡ್‌ವೇರ್ ಅಂಗಡೀಲಾದ್ರೂ ಕೇಳಿ, ಇಪ್ಪತ್ತೈದು ಅಂತಾರೆ. ಇಂಚು ಹಲಗೆ ಅಂದ್ರೆ ಇಪ್ಪತ್ತೈದು ಎಂಎಂ, ಅರ್ಧ ಇಂಚು ಅಂದ್ರೆ ಹನ್ನೆರಡು. ನಿಜವಾದ ಲೆಕ್ಕ ಇಪ್ಪತ್ತೈದು ಪಾಯಿಂಟ್ ನಾಲ್ಕು. ನನಗೆ ಗೊತ್ತಿಲ್ದೆ ಏನು? ಸದ್ಯಕ್ಕೆ ಇಪ್ಪತ್ತೈದು ಹಾಕಿ ಬಟನ್ ಕೆಲಸ ಮಾಡುತ್ತಾ ನೋಡೋಣ, ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಬಟನ್ ಕೆಲಸ ಮಾಡ್ತು. ಆ ಖುಷೀಲಿ ಇನ್ನೊಂದು ತಮಾಷೆ ಹೊಳೀತು. ಬಟನ್ ಒತ್ತಿದ ತಕ್ಷಣ ಸ್ಕ್ರೀನ್ ತುಂಬ ಹೂವು ಉದುರಿ, 'ಅಕ್ಕಾವ್ರಿಗೆ ಜಯವಾಗಲಿ' ಅಂತ ಬರಬೇಕು. ಆ ಹೂವು ಉದುರಿಸೋಷ್ಟರಲ್ಲಿ ಸಾಯಂಕಾಲ ಆಗೋಯ್ತು. ಹೂವು ಬಹಳ ಚೆನ್ನಾಗಿ ಉದುರಿದ್ವು.

ಪಾಯಿಂಟ್ ನಾಲ್ಕು ಅಲ್ಲೇ ಉಳೀತು...

ಹೂವು ನೋಡಿ ಅಕ್ಕಾವ್ರು ನಕ್ಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ. ಬಾಯಿಗೆ ಸೆರಗು ಅಡ್ಡ ಇಟ್ಕೊಂಡು, ಭುಜ ಕುಣೀತಿತ್ತು. ಆ ವಾರಾನೇ ಅವರಿಗೆ ದೊಡ್ಡ ಆರ್ಡರ್ ಬಂದಿತ್ತು. ಊದುಬತ್ತಿ ಪಾರ್ಟಿ ಮೊದಲನೇ ಸಲ ಹೊರದೇಶಕ್ಕೆ ಮಾಲು ಕಳಿಸ್ತಿತ್ತು. ಹೊರಗಿನ ದೊಡ್ಡ ರಟ್ಟಿನ ಡಬ್ಬ ಆಗಲೇ ಅವರ ಗೋಡೌನಿಗೆ ಬಂದಿತ್ತು. ಒಳಗೆ ಕೂರೋ ಸಣ್ಣ ಪೆಟ್ಟಿಗೆ ಅಕ್ಕಾವ್ರು ಮಾಡ್ಬೇಕು, ಉದ್ದ ಇನ್ನೂರ ನಲವತ್ತು ಎಂಎಂ, ಒಂದೂ ಹೆಚ್ಚಾಗಬಾರದು. ಕೈಯಲ್ಲೇ ಅಳೆದು ಮಾಡಿದ ಸ್ಯಾಂಪಲ್ ಪಾರ್ಟಿ ಒಪ್ಪಿತ್ತು. ಚೆನ್ನಾಗಾದ್ರೆ ವರ್ಷಪೂರ್ತಿ ಕೆಲಸ. "ಇದು ಕೂತ್ರೆ ನಮ್ಮ ಇಪ್ಪತ್ತೆರಡು ಜನಾನೂ ಎಲ್ಲೂ ಹೋಗ್ಬೇಕಾಗಿಲ್ಲ" ಅಂದಿದ್ರು. ಆ ಕೆಲಸದ ನಕ್ಷೇನ ನನ್ನ ಹೊಸ ಎಂಎಂ ಬಟನ್ನಲ್ಲೇ ತೆಗೆಸಿದ್ರು.

ಡೈ ಆಯ್ತು. ಪಂಚಿಂಗಿಂದ ಮೊದಲನೇ ಶೀಟು ವರ್ಕ್‌ಶಾಪಿಗೆ ಬಂದ ಬೆಳಗ್ಗೆ ನಾನೂ ಅಲ್ಲಿದ್ದೆ. ಹೊಗಳಿಸ್ಕೊಳಕ್ಕೆ ಹೋಗಿದ್ದೆ, ಮುಚ್ಚಿಡೋದೇನು. ಅಕ್ಕಾವ್ರು ಒಳಗೆ ದೀಪ ಹಚ್ಚಕ್ಕೆ ಹೋದಾಗ ಸ್ಕೇಲು ಮೇಜಿನ ಮೇಲೆ ಬಿಟ್ಟಿದ್ರು. ನನ್ನ ಕೈ ಸುಮ್ನಿರುತ್ತಾ? ಎತ್ತಿ ನನ್ನ ಬ್ಯಾಗಿಗೆ ಇಳಿಬಿಟ್ಟೆ. ಅರ್ಧ ಗಂಟೆ ಆಟ ಆಡ್ಸಿ ಕೊಡೋದು ಅಂತ.

ಬಂದ್ರು. ಶೀಟು ಮಡಿಸಿ ಪೆಟ್ಟಿಗೆ ಮಾಡಿದ್ರು, ಒಳಗೆ ಬತ್ತಿ ಕಟ್ಟು ಇಟ್ರು. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರು. ತಲೆ ಒಂದು ಕಡೆ ವಾಲಿಸಿದ್ರು.

"ಸ್ವಲ್ಪ ಸಡಿಲ ಅನ್ಸಲ್ವಾ?"

"ನಿಮ್ಮ ಬಳೆ ಸದ್ದು ಅಕ್ಕಾವ್ರೇ."

ಕೈ ಸೊಂಟಕ್ಕೆ ಹೋಯ್ತು. ಸ್ಕೇಲಿಲ್ಲ. ಮೇಜಿನ ಕೆಳಗೆ, ಗೋಂದಿನ ಬಕೆಟ್ ಹಿಂದೆ, ರಟ್ಟಿನ ರಾಶಿ ಸಂದಿ, ಎಲ್ಲ ಹುಡುಕಿದ್ರು. ನಾನೂ ಜೊತೇಲಿ ಹುಡುಕ್ದೆ! ಉದ್ದದ ಸ್ಕೇಲು ಅದೊಂದೇ ಇದ್ದಿದ್ದು. ಒಬ್ಳು ತನ್ನ ಹದಿನೈದು ಸೆಂಟಿಮೀಟರಿನ ಸಣ್ಣ ಸ್ಕೇಲು ಚಾಚಿದ್ಲು, ಎರಡು ಸಲ ಇಟ್ಟು ಅಳೀಬೇಕು. ಅಕ್ಕಾವ್ರದ್ದು ಒಂದು ನಿಯಮ ಇತ್ತು, ಒಂದು ಉದ್ದಾನ ಎರಡು ತುಂಡಾಗಿ ಅಳೀಬಾರದು ಅಂತ. ಜೋಡ್ಸೋ ಕಡೆ ತಪ್ಪಾಗುತ್ತೆ ಅಂತ ದಿನಾ ಎಲ್ಲರಿಗೂ ಹೇಳೋರು. ನನಗದು ಗೊತ್ತಿತ್ತು. "ಏನಕ್ಕಾವ್ರೇ, ನಿಮ್ಮ ನಿಯಮ ನೀವೇ ಮುರೀತೀರಾ?" ಅಂದೆ. ಚಾಚಿದ ಕೈ ಹಿಂದಕ್ಕೆ ಹೋಯ್ತು. ಹೊರಗೆ ಪಂಚಿಂಗಿಂದ ಬಂದವನು ಸೈಕಲ್ ಬೆಲ್ ಹೊಡೀತಿದ್ದ, ಹೂಂ ಅಂದ್ರೆ ಮೆಷಿನ್ ಶುರು. ನಾನು ಎದೆ ತಟ್ಟಿ ಅಂದೆ, "ಅರ್ಧ ಎಂಎಂ ಹೆಚ್ಚುಕಮ್ಮಿ ಇದ್ರೆ ಸೀರೆ ಉಟ್ಕೊಂಡು ಗಾಂಧಿಬಜಾರ್ ಸುತ್ತು ಹಾಕ್ತೀನಿ. ಕಂಪ್ಯೂಟರ್ ಅಳೆದಿದೆ, ಮತ್ತೆ ನೀವೇನು ಅಳೆಯೋದು?"

ಅವರು ನನ್ನ ಮುಖ ನೋಡಿದ್ರು.

"ಸರಿ. ಈ ಸಲ ನಿಮ್ಮನ್ನ ನಂಬ್ತೀನಿ" ಅಂದ್ರು. ಸೈಕಲ್ಲಿನೋನಿಗೆ ಕೈ ಆಡಿಸಿದ್ರು. ಅವನು ಹೋದ.

ಸ್ಕೇಲು ಕೊಡೋದು ಮರ್ತೋಯ್ತು. ನಿಜವಾಗ್ಲೂ ಮರ್ತೆ, ಇದನ್ನಾದ್ರೂ ನಂಬಿ. ಆಫೀಸಿಗೆ ಬಂದು ಬ್ಯಾಗಿಂದ ತೆಗೆದಾಗ ನಗು ಬಂತು. ಅಕ್ಕಾವ್ರ ಥರಾನೇ ಸೊಂಟಕ್ಕೆ ಸಿಕ್ಕಿಸ್ಕೊಂಡು ಹುಡುಗೀರ ಮುಂದೆ ಒಂದು ಸುತ್ತು ನಡೆದೆ. ಅವರು ನಗ್ತಾ ಇದ್ರು. ಗೋಡೆ ಮೇಲೆ ಅದೇ ಪೆಟ್ಟಿಗೆ ನಕ್ಷೆಯ ಇನ್ನೊಂದು ಪ್ರತಿ ಅಂಟಿಸಿದ್ವಿ. ಅಕ್ಕಾವ್ರ ದನೀಲಿ "ಎಂಎಂ ಎಲ್ಲಿ ರೀ, ಎಂಎಂ ಎಲ್ಲಿ" ಅಂತ ಆ ನಕ್ಷೆ ಮೇಲೆ ಸ್ಕೇಲು ಇಟ್ಟೆ.

ಇನ್ನೂರ ನಲವತ್ನಾಲ್ಕಕ್ಕೆ ಒಂದು ಕೂದಲೆಳೆ ಕಮ್ಮಿ.

ಮತ್ತೆ ಇಟ್ಟೆ. ಅಷ್ಟೇ. ಹುಡುಗೀರಿನ್ನೂ ನಗ್ತಾನೇ ಇದ್ರು, ನಾನು ನಟನೆ ಮಾಡ್ತಿದೀನಿ ಅಂತ. ಇಪ್ಪತ್ತೈದು. ಇಪ್ಪತ್ತೈದು ಹಾಕಿ ಬಿಟ್ಟಿದೀನಿ. ಸ್ಕ್ರೀನ್ ಮೇಲೆ ಇನ್ನೂರ ನಲವತ್ತು ಅಂತಾನೇ ತೋರ್ಸುತ್ತೆ, ಕಾಗದದ ಮೇಲೆ ನಾಲ್ಕು ಎಂಎಂ ದೊಡ್ಡದು. ಬತ್ತಿ ಒಳಗೆ ಕೂರುತ್ತೆ, ಆದ್ರೆ ಪೆಟ್ಟಿಗೆ ಹೊರಗಿನ ಡಬ್ಬದೊಳಗೆ ಇಳಿಯಲ್ಲ. ಒಂದೂ ಇಳಿಯಲ್ಲ.

ಆಗಿನ್ನೂ ಮೊಬೈಲು ಎಲ್ಲರ ಹತ್ರ ಇರ್ಲಿಲ್ಲ. ನನ್ನ ಹತ್ರ ಇತ್ತು, ಶರ್ಟ್ ಜೇಬಿಂದ ಅರ್ಧ ಆಚೆ ಕಾಣೋಹಂಗೆ ಇಟ್ಕೊಳ್ತಿದ್ದೆ. ವರ್ಕ್‌ಶಾಪಿಗೆ ಮಾಡ್ದೆ, ಎಂಗೇಜ್. ಮತ್ತೆ ಮಾಡ್ದೆ, ಎಂಗೇಜ್. ಸ್ಕೂಟರ್ ತೆಗೆದೆ. ಆಶ್ರಮದ ಸಿಗ್ನಲಲ್ಲಿ ನಿಲ್ಲೋ ಅಷ್ಟು ಹೊತ್ತು ಸ್ಕೇಲು ಬೆನ್ನಿಗೆ ಚುಚ್ತಿತ್ತು, ಸೊಂಟದಿಂದ ತೆಗೆಯಕ್ಕೂ ತೋಚಿರ್ಲಿಲ್ಲ. ಚಾಮರಾಜಪೇಟೆಗೆ ತಿರುಗ್ಲಿಲ್ಲ, ಸೀದಾ ಬಿನ್ನಿಪೇಟೆ. ಮೊದಲು ಮೆಷಿನ್ ನಿಲ್ಬೇಕು.

ಗಲ್ಲಿಗೆ ನುಗ್ಗೋವಾಗಲೇ ಸದ್ದು ಕೇಳಿಸ್ತು. ದೊಡ್ಡ ಬಾಯಿ ತೆಗೆದು ಮುಚ್ಚೋ ಮೆಷಿನ್ನು ಅದು. ಬಾಯಿ ತೆಗೆಯುತ್ತೆ, ಶೀಟು ಇಡ್ತಾರೆ, ಧಡ್. ಮತ್ತೆ ತೆಗೆಯುತ್ತೆ, ಧಡ್.

"ನಿಲ್ಸಪ್ಪಾ! ಡೈ ತಪ್ಪಿದೆ, ನಿಲ್ಸು!"

ಮೆಷಿನ್ನಿನೋನು ತಿರುಗಿ ನೋಡ್ದ. ನನ್ನನ್ನ ಕಂಡು ಅಷ್ಟಗಲ ನಕ್ಕ. "ಬಂದ್ರಾ ಸಾರ್! ಇವತ್ತೇನು, ಕರೆಂಟ್ ಹೋಗುತ್ತಾ?"

"ಇದು ತಮಾಷೆ ಅಲ್ಲ ಕಣಯ್ಯ. ನಾಲ್ಕು ಎಂಎಂ ಜಾಸ್ತಿ ಇದೆ."

"ಸೀರೆ ಉಟ್ಕೋತೀರಂತೆ ಅಲ್ವಾ ಸಾರ್, ಸೈಕಲ್ಲಲ್ಲಿ ಬಂದಿದ್ದ ನಮ್ಮ ಹುಡುಗ ಹೇಳ್ದ." ಧಡ್. "ಯಾವ ಬಣ್ಣ?"

ಮೊಬೈಲು ತೆಗೆದು ಮತ್ತೆ ಒತ್ತಿದೆ. ಈ ಸಲ ರಿಂಗಾಯ್ತು. ಅಕ್ಕಾವ್ರೇ ಎತ್ತಿದ್ರು.

"ಏನ್ರೀ ಸ್ವಾಮಿ, ಹೊಸ ಆಟಾನಾ?"

"ಅಕ್ಕಾವ್ರೇ, ನಿಮ್ಮ ಸ್ಕೇಲು ನನ್ನ ಹತ್ರ ಇದೆ."

ಬೈತಾರೆ ಅಂದ್ಕೊಂಡೆ. ಯಾಕೆ ತಗೊಂಡ್ರಿ ಅಂತ ಕೇಳ್ತಾರೆ ಅಂದ್ಕೊಂಡೆ. ಒಂದು ಉಸಿರು ಬಿಟ್ಟು ಕೇಳಿದ್ರು, "ಎಷ್ಟು ತೋರಿಸ್ತಿದೆ?"

"ಇನ್ನೂರ ನಲವತ್ನಾಲ್ಕು."

"ಫೋನು ಅವನಿಗೆ ಕೊಡಿ."

ಕೊಟ್ಟೆ. ಅವನು ಕಿವಿಗೆ ಇಟ್ಕೊಂಡು ಕೇಳ್ಸ್ಕೊಂಡ, ಕಣ್ಣು ಹೊಡೆದ, ವಾಪಸ್ ಕೊಟ್ಟ. "ಚೆನ್ನಾಗಿ ಮಾಡ್ಸಿದೀರ ಸಾರ್. ಹೋದ್ಸಲಕ್ಕಿಂತ ಚೆನ್ನಾಗಿದೆ ಅಕ್ಕಾವ್ರ ವಾಯ್ಸು. ಯಾರು ಮಾತಾಡಿದ್ದು, ನಿಮ್ಮ ಆಫೀಸ್ ಹುಡುಗೀನಾ?" ಧಡ್.

ಮೇನ್ ಸ್ವಿಚ್ಚಿನ ಕಡೆ ಓಡಿದೆ. ಶೀಟು ಎತ್ತಿಡೋ ಇಬ್ರು ಬಂದು ನನ್ನ ಭುಜ ಹಿಡ್ಕೊಂಡ್ರು. ಕೋಪದಲ್ಲಲ್ಲ, ನಗ್ತಾ ನಗ್ತಾ. "ಬೇಡ ಸಾರ್, ಇವತ್ತು ಲೋಡ್ ಹೋಗ್ಬೇಕು." ಹೆಂಗೆ ಹೇಳೋದು ಅವರಿಗೆ? ನಾನು ಕೂಗಿದಷ್ಟೂ ಅವರಿಗೆ ನಗು. ಕಣ್ಣಲ್ಲಿ ನೀರು ಬಂತು, ಅದಕ್ಕೂ ನಕ್ರು. ಜೀವನದಲ್ಲಿ ಅಷ್ಟು ಚೆನ್ನಾಗಿ ಯಾರೂ ನನ್ನ ತಮಾಷೆಗೆ ನಕ್ಕಿರ್ಲಿಲ್ಲ.

ಧಡ್. ಧಡ್. ಎಣಿಸ್ತಾ ನಿಂತೆ. ಮುನ್ನೂರರ ತನಕ ಎಣಿಸಿದ್ದು ನೆನಪಿದೆ, ಆಮೇಲೆ ತಪ್ಪೋಯ್ತು. ಅಷ್ಟೊತ್ತಿಗೆ ಗಲ್ಲೀಲಿ ಆಟೋ ನಿಂತ ಸದ್ದು.

ಅಕ್ಕಾವ್ರು ಒಳಗೆ ಬಂದು ಸುಮ್ನೆ ಕೈ ಎತ್ತಿದ್ರು. ಮೆಷಿನ್ ನಿಲ್ತು. ಇಬ್ರೂ ನನ್ನ ಭುಜ ಬಿಟ್ರು. ಮೆಷಿನ್ನಿನೋನ ನಗು ನಿಧಾನಕ್ಕೆ ಇಳೀತು. ಅವರು ಕಟ್ಟಾದ ಒಂದು ಶೀಟು ತಗೊಂಡು, ನನ್ನ ಮುಖ ನೋಡ್ದೆ, ಎಡಗೈ ನನ್ನ ಕಡೆ ಚಾಚಿದ್ರು. ಸ್ಕೇಲು ಇಟ್ಟೆ. ಅಳೆದ್ರು. ಇನ್ನೊಂದು ಶೀಟು ಅಳೆದ್ರು.

"ಎಷ್ಟಾಯ್ತಪ್ಪ?"

"ಅರ್ಧಕ್ಕಿಂತ ಜಾಸ್ತಿ ಆಗೋಯ್ತು ಅಕ್ಕಾವ್ರೇ. ನಾನು ಇವರು ತಮಾಷೆ ಅಂತ..."

"ನಿಂದೇನಿಲ್ಲ."

ಹಾಳಾದ ಶೀಟುಗಳ ರಾಶಿ ಮೇಲೇ ಕೂತ್ಕೊಂಡ್ರು. ನನ್ನನ್ನ ಕೇಳಿದ್ರು, "ಇಂಚಿಗೆ ಎಷ್ಟು ಹಾಕಿದ್ರಿ?"

"ಇಪ್ಪತ್ತೈದು."

"ಪಾಯಿಂಟ್ ನಾಲ್ಕು?"

ಪಾಯಿಂಟ್ ನಾಲ್ಕು ಹಾಕೋ ಹೊತ್ತಲ್ಲಿ ನಾನು ಹೂವು ಉದುರಿಸ್ತಿದ್ದೆ.

ನನ್ನ ಮೊಬೈಲಿಂದಾನೇ ಪಾರ್ಟಿಗೆ ಫೋನ್ ಮಾಡಿದ್ರು. ನಾನು ಕೈ ಚಾಚಿದೆ, ನಾನು ಮಾತಾಡ್ತೀನಿ ಅಂತ. ಕಣ್ಣಲ್ಲೇ ಬೇಡ ಅಂದ್ರು. "ನಂದೇ ತಪ್ಪು ಸ್ವಾಮಿ" ಅಂದ್ರು, "ಅಳೀದೆ ಕಳಿಸ್ಬಿಟ್ಟೆ." ಆ ಕಡೆಯಿಂದ ಕೂಗಾಡೋದು ನನಗೂ ಕೇಳಿಸ್ತಿತ್ತು. ಸಾಫ್ಟ್‌ವೇರ್ ಅನ್ನೋ ಪದ ಅವರ ಬಾಯಲ್ಲಿ ಬರ್ಲೇ ಇಲ್ಲ.

"ಯಾಕಕ್ಕಾವ್ರೇ? ನನ್ನ ತಪ್ಪು ಅಂತ ಹೇಳ್ಬಹುದಿತ್ತಲ್ಲ" ಅಂದೆ.

"ಹೇಳಿದ್ರೆ? ಹನ್ನೊಂದು ಜನಾನ ನಿಮ್ಮ ಮೆಟ್ಟಿಲು ಹತ್ತಿಸಿದ್ದು ನಾನು. ಎಂಎಂ ಹಾಕಿದ ಮೊದಲನೇ ಕೆಲಸಾನೇ ಮಣ್ಣಾಯ್ತು ಅಂದ್ರೆ, ನಾಳೆಯಿಂದ ಎಲ್ಲ ಸುಮ್ನೆ ಇಂಚೇ ಸಾಕು ಅಂತಾರೆ. ನೀವು ಕಂಪ್ಯೂಟರಿನೋರೂ ಅದನ್ನೇ ಕಾಯ್ತಿರ್ತೀರ, 'ಆಯಮ್ಮ ಏನು ಮಾಡ್ಕೊಂಡ್ರು ನೋಡಿ' ಅಂತ." ಎದ್ದು ಸೀರೆ ಕೊಡವಿದ್ರು. "ಕೇಳಿದ್ದು ಸರಿಯಾಗೇ ಇತ್ತು. ಅದಕ್ಕೆ ಕೆಟ್ಟ ಹೆಸರು ಬರಬಾರದು."

ಉಳಿದಿದ್ದ ಶೀಟುಗಳಿಗೆ ಕೈಯಲ್ಲೇ ಅಳತೆ ಹಾಕಿ ಹೊಸ ಡೈ ಮಾಡಿಸಿ, ಅರ್ಧಕ್ಕಿಂತ ಕಮ್ಮಿ ಮಾಲು ಕೊಟ್ರು. ಪಾರ್ಟಿ ಅಷ್ಟನ್ನ ತಗೊಂಡು, ಆಮೇಲೆ ಆ ಆರ್ಡರ್ ಬೇರೆ ಊರಿಗೆ ಕೊಡ್ತು. ಇಪ್ಪತ್ತೆರಡು ಜನರಲ್ಲಿ ಒಂಬತ್ತು ಜನ ಆ ಯುಗಾದಿಗೆ ಮುಂಚೆ ಮೈಸೂರು ರೋಡಿನ ಗಾರ್ಮೆಂಟ್ಸಿಗೆ ಹೋದ್ರು. ತನ್ನ ಸಣ್ಣ ಸ್ಕೇಲು ಚಾಚಿದ್ಲಲ್ಲ, ಅವಳೂ ಹೋದ್ಲು.

ಮಾರನೇ ದಿನ ಅಕ್ಕಾವ್ರು ನನ್ನ ಆಫೀಸಿಗೆ ಬಂದ್ರು. ರಾಗಿ ಹಿಟ್ಟು ಕೂತಿದ್ದ ಕುರ್ಚೀನ ಸೆರಗಲ್ಲಿ ಒರೆಸಿ, ನನ್ನ ಪಕ್ಕ ಕೂತು, ಇಪ್ಪತ್ತೈದು ಇದ್ದಿದ್ದನ್ನ ಇಪ್ಪತ್ತೈದು ಪಾಯಿಂಟ್ ನಾಲ್ಕು ಮಾಡೋದನ್ನ ಕಣ್ಣಾರೆ ನೋಡಿದ್ರು. ಐದು ಪೆಟ್ಟಿಗೆ ನಕ್ಷೆ ತೆಗೆಸಿದ್ರು. ಐದನ್ನೂ ಈ ಸ್ಕೇಲಲ್ಲಿ ಅಳೆದ್ರು. ಹೂವು ತೆಗೆದುಹಾಕ್ತೀನಿ ಅಂದೆ. "ಇರ್ಲಿ ಬಿಡಿ, ಚೆನ್ನಾಗಿದೆ" ಅಂದ್ರು. ಅದು ಇನ್ನೂ ಜಾಸ್ತಿ ಚುಚ್ತು. ಹೋಗೋವಾಗ ಸ್ಕೇಲು ಮೇಜಿನ ಮೇಲೆ ಇಟ್ಟು ಹೋದ್ರು.

"ಅಕ್ಕಾವ್ರೇ, ಸ್ಕೇಲು..."

"ನಿಮಗೇ ಬೇಕು ಅದು."

ಆಮೇಲೆ ನನ್ನ ಸಾಫ್ಟ್‌ವೇರ್ ಎಲ್ಲೆಲ್ಲೋ ಹೋಯ್ತು. ಹನ್ನೊಂದು ಜನಾನೂ ತಗೊಂಡ್ರು, ಮುಂಬೈಯೋನು ಈ ಕಡೆ ತಲೆ ಹಾಕ್ಲಿಲ್ಲ. ಶಿವಕಾಶಿಯೋರು, ಹೈದರಾಬಾದಿನೋರು ಮೊದಲು ಕೇಳ್ತಿದ್ದಿದ್ದೇ "ಎಂಎಂ ಇದೆಯಾ?" ಅಂತ. ಒಂದು ದೊಡ್ಡ ಹೋಟೆಲಲ್ಲಿ ನಡೆದ ಮೀಟಿಂಗಲ್ಲಿ ಮೈಕ್ ಹಿಡ್ಕೊಂಡು, "ಮಾರ್ಕೆಟ್ ಏನು ಕೇಳುತ್ತೆ ಅಂತ ನಾನು ಮೊದಲೇ ಊಹಿಸಿದ್ದೆ" ಅಂತ ಭಾಷಣಾನೂ ಮಾಡ್ದೆ. ಚಪ್ಪಾಳೆ ಬಿತ್ತು. ಮಾರ್ಕೆಟ್ಟು ಬಂದು ನನ್ನ ಮೆಟ್ಟಿಲ ಮೇಲೆ ಕೂತಿದ್ದು, ವಿಭೂತಿ ಹಚ್ಕೊಂಡಿತ್ತು ಅಂತ ಹೇಳ್ಲಿಲ್ಲ.

ಆದ್ರೆ ಒಂದು ಮಾತ್ರ ತಪ್ಪಿಸ್ಲಿಲ್ಲ. ಕಂಪನಿ ಮುಚ್ಚೋತನಕ, ಪ್ರತಿ ಹೊಸ ವರ್ಷನ್ ಆಚೆ ಹೋಗೋ ಮುಂಚೆ ನಕ್ಷೆ ಮೇಲೆ ಈ ಸ್ಕೇಲು ಇಟ್ಟು ನಾನೇ ಅಳೀತಿದ್ದೆ. ಹುಡುಗೀರು ಅದಕ್ಕೆ ಅಕ್ಕಾವ್ರ ಪೂಜೆ ಅಂತಿದ್ರು.

ತಪ್ಪಾಯ್ತು ಅಂತ ಹೇಳಕ್ಕೆ ಒಂದ್ಸಲ ಹೋಗಿದ್ದೆ. ಸುಳ್ಳು, ಮೂರು ಸಲ ಹೋಗಿದ್ದೆ. ಬಾಗಿಲಲ್ಲೇ "ಏನ್ರೀ, ಈ ಸಲ ಏನು ಕದಿಯಕ್ಕೆ ಬಂದ್ರಿ?" ಅನ್ನೋರು. ನಾನೂ ಏನೋ ಒಂದು ಜೋಕ್ ಹೊಡೆಯೋದು, ಅವರು ಕಾಫಿ ಕೊಡೋದು, ಒಳಗೆ ಹದಿಮೂರು ಜನ ಪೆಟ್ಟಿಗೆ ಮಡಿಸ್ತಿರೋದು. ಖಾಲಿ ಜಾಗ ಕಾಣಿಸೋದು. ಕಾಫಿ ಕುಡಿದು ವಾಪಸ್ ಬರೋದು... ಬಾಗಿಲಲ್ಲಿ ಆ ಟೇಪು ಬಣ್ಣ ಹೋಗಿ ಬೆಳ್ಳಗಾಗಿ ಇನ್ನೂ ನೇತಾಡ್ತಿತ್ತು.

ಅವರು ಲಿಂಗೈಕ್ಯರಾಗಿದ್ದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಚಾಮರಾಜಪೇಟೇಲಿ ಆಟೋಗೆ ಕಾಯ್ತಿದ್ದಾಗ ಹಳೇ ಕೆಲಸದೋಳು ಒಬ್ಳು ಗುರುತು ಹಿಡಿದು ಹೇಳಿದ್ಲು. "ನಿಜಾನಾ?" ಅಂತ ಕೇಳ್ದೆ. "ಇಂಥದ್ರಲ್ಲಿ ಯಾರಾದ್ರೂ ತಮಾಷೆ ಮಾಡ್ತಾರಾ ಸಾರ್?" ಅಂದ್ಲು. ವರ್ಕ್‌ಶಾಪ್ ಇದ್ದ ಕಡೆ ಈಗ ಕೊರಿಯರ್ ಆಫೀಸು. ದಿನಾ ಸಾವಿರ ರಟ್ಟಿನ ಪೆಟ್ಟಿಗೆ ಬಂದು ಹೋಗುತ್ತೆ ಅಲ್ಲಿ, ಯಾರೂ ಯಾವುದನ್ನೂ ಅಳೆಯಲ್ಲ.

ಪಾರ್ಕಲ್ಲಿ ಈ ಕಥೆ ನಾನು ಹತ್ತಾರು ಸಲ ಹೇಳಿದೀನಿ. ನಾನು ಸ್ಕೂಟರಲ್ಲಿ ನುಗ್ಗಿದ್ದು, ನಾಲ್ಕು ಎಂಎಂ ತಪ್ಪು ಹಿಡಿದಿದ್ದು, ಮೆಷಿನ್ ನಿಲ್ಸಿದ್ದು. ಎಲ್ಲ ಹೇಳಿದೀನಿ. ಪಾಯಿಂಟ್ ನಾಲ್ಕು ಬಿಟ್ಟಿದ್ದು ಯಾರು, ಸ್ಕೇಲು ಯಾರ ಬ್ಯಾಗಲ್ಲಿತ್ತು, ಅದೊಂದು ಹೇಳಿಲ್ಲ. ಒಂಬತ್ತು ಜನರ ವಿಷಯಾನೂ ಹೇಳಿಲ್ಲ. ಇವತ್ತು ಬೆಳಗ್ಗೆ ಸ್ಕೇಲು ತಗೊಂಡು ಹೋಗಿ ಪೂರ್ತಿ ಹೇಳ್ದೆ. ಎಂಜಿನಿಯರು ಸ್ಕೇಲು ಈ ಕಡೆ ಆ ಕಡೆ ತಿರುಗಿಸಿ ನೋಡಿದ್ರು, ನುಣ್ಣಗಿರೋ ಕಡೆ ಉಗುರಲ್ಲಿ ಕೆರೆದ್ರು, ಬೆನ್ನು ತಟ್ಟಿದ್ರು. "ಗುರುವೇ, ಸ್ಕೇಲಿನ ಇಂಚೆಲ್ಲ ಉಜ್ಜಿ ತಯಾರಿ ಮಾಡ್ಕೊಂಡು ಬಂದಿದೀರಲ್ಲ! ಈ ಸಲದ್ದು ಸೂಪರ್" ಅಂದ್ರು. ಬೆಂಚೆಲ್ಲ ನಕ್ತು.

ನಾನು ಸ್ಕೇಲು ವಾಪಸ್ ಇಸ್ಕೊಂಡೆ. ನನ್ನ ಮಾತು ಕೇಳಿದ ಮೇಲೆ ಎಡಗೈ ಚಾಚಿ ಸ್ಕೇಲು ಇಸ್ಕೊಂಡು, ನಿಜಾನಾ ಸುಳ್ಳಾ ಅಂತ ತಾವೇ ಅಳೆದು ನೋಡ್ತಿದ್ದೋರು ಒಬ್ರೇ ಇದ್ರು. ಅವರಿಲ್ಲ.